ಬಯಲುಸೀಮೆಯವರು ಕಡಲಿಗೆ ಕಟ್ಟುವ ಗಂಟು

ತಮಿಳುನಾಡಿನ ಹೊಸೂರಿನ ಪಕ್ಕದ ನಮ್ಮ ಮತ್ತಿಗಿರಿಯಿಂದ ಸಮುದ್ರಕ್ಕೆ ಎರಡು ದಾರಿ. ಹೊಸೂರು ದಾಟಿ ಕೃಷ್ಣಗಿರಿ, ಊತಂಗರೆ, ಚೆಂಗಂ, ತಿರುವಣ್ಣಾಮಲೈ, ಸೆಂಜಿಗಳ ಮೇಲೆ ಹಾದು ಪುದುಚೇರಿ ಸೇರುವುದು ಮೂಡಣ ದಾರಿ. ರಾತ್ರಿ ಊಟ ಮುಗಿಸಿ ಹೊರಟರೆ ಬೆಳಗಾಗುವ ಹೊತ್ತಿಗೆ ಬಂಗಾಳ ಕೊಲ್ಲಿಯ ಅಲೆಯ ಸದ್ದು ಕೇಳಿಸುತ್ತದೆ. ಬೆಂಗಳೂರು, ಹಾಸನ ದಾಟಿ ಶಿರಾಡಿ ಘಾಟಿ ಇಳಿದು ಮಂಗಳೂರು, ಮಲ್ಪೆ, ಮುರುಡೇಶ್ವರ, ಗೋಕರ್ಣಗಳಿಗೆ ಹೋಗುವುದು ಪಡುವಣ ದಾರಿ. ರಜೆ ಬಂತೆಂದರೆ ನಮ್ಮ ಕಡೆಯ ಕುಟುಂಬಗಳು ಈ ಎರಡರಲ್ಲಿ ಒಂದನ್ನು ಹಿಡಿಯುತ್ತವೆ. ಹೊರಡುವ ಹಿಂದಿನ ರಾತ್ರಿ ನಡುಮನೆಯಲ್ಲಿ ಸೂಟ್‌ಕೇಸುಗಳು ಬಾಯಿ ತೆರೆದುಕೊಂಡಿರುತ್ತವೆ. ಪಕ್ಕದಲ್ಲಿ ಬಟ್ಟೆಯ ರಾಶಿ, ತಿಂಡಿಯ ಡಬ್ಬಿ, ಮಾತ್ರೆಯ ಚೀಟಿ. ಆ ರಾಶಿಯಲ್ಲಿ ಯಾವುದು ಒಳಗೆ ಹೋಗಬೇಕು, ಯಾವುದು ಮನೆಯಲ್ಲೇ ಉಳಿಯಬೇಕು, ಅದನ್ನು ಯಾರು ತೀರ್ಮಾನಿಸಬೇಕು? ಕೇಳಲು ಇದು ಸಣ್ಣ ಪ್ರಶ್ನೆ. ನನಗೆ ಮಾತ್ರ ಇದು ಜೀವದ ಪ್ರಶ್ನೆಯವರೆಗೂ ಹೋಗುವಂತೆ ಕಾಣುತ್ತದೆ. ಹಾಗಾಗಿ ತುಸು ವಿವರವಾಗಿಯೇ ಬರೆಯುತ್ತೇನೆ.

ನಾನು ಹೇಳಬೇಕೆಂದಿರುವುದು ಇಷ್ಟು: ಗಂಟನ್ನು ಹೋಗುವ ಊರಿನ ಅರಿವಿನ ಮೇಲೆ ಕಟ್ಟಬೇಕು. ನಾವು ಬಹುಮಟ್ಟಿಗೆ ಬಿಟ್ಟು ಹೊರಡುವ ಮನೆಯ ಭಯದ ಮೇಲೆ ಕಟ್ಟುತ್ತೇವೆ. ಹಸಿವಾದರೆ, ಚಳಿಯಾದರೆ, ಬಟ್ಟೆ ಸಾಲದೆ ಹೋದರೆ ಎನ್ನುವುದು ಮನೆಯ ಭಯ. ಆ ಊರಿನಲ್ಲಿ ಈಗ ಯಾವ ಗಾಳಿ, ಯಾವ ನೀರು, ಯಾವ ಬಿಸಿಲು ಎನ್ನುವುದು ಊರಿನ ಅರಿವು. ಮೊದಲನೆಯದರಿಂದ ಗಂಟು ದಪ್ಪವಾಗುತ್ತದೆ, ಎರಡನೆಯದರಿಂದ ಗಂಟು ಸರಿಯಾಗುತ್ತದೆ.

ಹಿಂದಿನವರ ಗಂಟನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಆಗ ನಮ್ಮ ಕಡೆಯವರಿಗೆ ಸಮುದ್ರವೆಂದರೆ ಯಾತ್ರೆ. ರಾಮೇಶ್ವರದ ಅಗ್ನಿತೀರ್ಥ, ಇಲ್ಲವೇ ಗೋಕರ್ಣ. ಅಮಾವಾಸ್ಯೆ, ಗ್ರಹಣದಂಥ ಪರ್ವಕಾಲ ಬಿಟ್ಟು ಬೇರೆ ದಿನ ಸಮುದ್ರಸ್ನಾನ ಕೂಡದು, ರಾಮೇಶ್ವರದ ಸೇತುವಿಗೆ ಮಾತ್ರ ಆ ಕಟ್ಟಿಲ್ಲ ಎಂಬ ನಂಬಿಕೆ ಗಟ್ಟಿಯಾಗಿತ್ತು. ಆ ಯಾತ್ರೆಯ ಗಂಟಿನಲ್ಲಿ ರಾಗಿ ಹುರಿಹಿಟ್ಟು, ಬೆಲ್ಲ, ಅವಲಕ್ಕಿ, ಉಪ್ಪು, ಖಾರದಪುಡಿ, ಹುಣಸೆಹಣ್ಣು, ಒಂದು ಚೊಂಬು, ಹೊದೆಯಲು ಕಂಬಳಿ, ಬಾವಿಯಿಂದ ನೀರು ಸೇದಲು ಹಗ್ಗ ಇರುತ್ತಿದ್ದವು. ಹಗ್ಗ ಯಾಕೆಂದರೆ ದಾರಿಯ ಬಾವಿಯಲ್ಲಿ ಹಗ್ಗ ಇರುತ್ತದೆಂಬ ಖಾತರಿಯಿಲ್ಲ. ಹುರಿಹಿಟ್ಟು ಯಾಕೆಂದರೆ ಒಲೆ ಹೂಡಲಾಗದ ಕಡೆಯೂ ಅದನ್ನು ಮಜ್ಜಿಗೆಯಲ್ಲೋ ನೀರಿನಲ್ಲೋ ಕಲಸಿ ಕುಡಿಯಬಹುದು, ದಿನಗಟ್ಟಲೆ ಕೆಡುವುದಿಲ್ಲ. ಗಂಟಿನಲ್ಲಿದ್ದ ಒಂದೊಂದು ವಸ್ತುವಿಗೂ ದಾರಿಯಲ್ಲಿ ಒಂದೊಂದು ಕೆಲಸವಿತ್ತು. ತಲೆಯ ಮೇಲೆ ಹೊರಬೇಕಾದ ಭಾರವಾದ್ದರಿಂದ ಕೆಲಸವಿಲ್ಲದ ವಸ್ತುವಿಗೆ ಅದರಲ್ಲಿ ಜಾಗವಿರಲಿಲ್ಲ.

ಈಗ ಭಾರವನ್ನು ಕಾರಿನ ಡಿಕ್ಕಿ ಹೊರುತ್ತದೆ. ಹೊಸೂರಿಗೆ 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂತು, 1980ರಲ್ಲಿ ಇಲ್ಲಿಂದಲೇ ಟಿವಿಎಸ್ 50 ರಸ್ತೆಗಿಳಿಯಿತು, ಆಮೇಲೆ ಟೈಟನ್ ಗಡಿಯಾರದ ಕಾರ್ಖಾನೆ. ಹಿಂದಿನಿಂದ ಸರ್ಕಾರದ ಜಾನುವಾರು ಫಾರಂಗೆ ಹೆಸರಾಗಿದ್ದ ಮತ್ತಿಗಿರಿಯ ಸುತ್ತಮುತ್ತ ತಿಂಗಳ ಸಂಬಳದ ಮನೆಗಳು ಹೆಚ್ಚಿದವು. ಸಂಬಳದ ಜೊತೆ ರಜೆ ಬಂತು, ರಜೆಯ ಜೊತೆ ರೆಸಾರ್ಟು ಬಂತು. ಇದನ್ನು ನಾನು ದೂರುವವನಲ್ಲ. ವರ್ಷವಿಡೀ ಶಿಫ್ಟಿನಲ್ಲಿ ನಿಂತು ದುಡಿದವರು ಎರಡು ದಿನ ಹೆಂಡತಿ ಮಕ್ಕಳೊಡನೆ, ತಾಯಿ ತಂದೆಯರೊಡನೆ ಕಡಲ ಮುಂದೆ ಸುಮ್ಮನೆ ಕೂರುವುದು ಬಹಳ ಒಳ್ಳೆಯ ವಿಷಯ. ಆದರೆ ಯಾತ್ರೆಗೆ ಹೋಗುತ್ತಿದ್ದವರು ಸಮುದ್ರದ ವಿಷಯದಲ್ಲಿ ಒಂದಿಷ್ಟು ವಿಧಿ ನಿಷೇಧಗಳನ್ನು ಹೊತ್ತುಕೊಂಡು ಹೋಗುತ್ತಿದ್ದರು. ಯಾವಾಗ ಇಳಿಯಬೇಕು, ಯಾವಾಗ ಕೂಡದು, ಯಾರ ಜೊತೆ ಇಳಿಯಬೇಕು ಎಂದು ಹೇಳುವವರಿದ್ದರು. ಆ ವಿಧಿಗಳನ್ನು ನಾವು ಬಿಟ್ಟೆವು. ಅವುಗಳ ಜಾಗದಲ್ಲಿ ಬೇರೆ ಅರಿವನ್ನು ತುಂಬಿಕೊಳ್ಳಲಿಲ್ಲ.

ಗಂಟಿಗೆ ಮೊದಲು ಹಾಕಬೇಕಾದದ್ದು ತಾರೀಖು. ನಮ್ಮ ಎರಡು ದಾರಿಗಳ ಕೊನೆಯಲ್ಲಿರುವ ಎರಡು ಕಡಲುಗಳು ಒಂದೇ ಕಾಲದಲ್ಲಿ ಕೆರಳುವುದಿಲ್ಲ. ಪಡುವಣ ಕಡಲಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತದ ಕಾಲ. ಆಗ ಉಡುಪಿ, ಉತ್ತರ ಕನ್ನಡದ ಕಡಲತೀರಗಳಲ್ಲಿ ನೀರಿಗೆ ಇಳಿಯದಂತೆ ತಡೆಯುತ್ತಾರೆ, ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಮೂಡಣ ಕಡಲಿಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈಶಾನ್ಯ ಮಾರುತ ಮತ್ತು ಚಂಡಮಾರುತಗಳ ಕಾಲ. ನಮ್ಮ ಮಕ್ಕಳ ಶಾಲೆಗಳು ತಮಿಳುನಾಡಿನ ಪಂಚಾಂಗ ಅನುಸರಿಸುವುದರಿಂದ ಅರ್ಧವಾರ್ಷಿಕ ಪರೀಕ್ಷೆಯ ರಜೆ ಸರಿಯಾಗಿ ಡಿಸೆಂಬರ್ ಕೊನೆಗೆ ಬರುತ್ತದೆ. 2011ರಲ್ಲಿ ಥಾನೆ ಚಂಡಮಾರುತ ಕಡಲೂರು, ಪುದುಚೇರಿಗಳನ್ನು ಹೊಡೆದದ್ದು ಡಿಸೆಂಬರ್ 30ರಂದು. 2004ರ ಸುನಾಮಿ ಬಂದದ್ದು ಡಿಸೆಂಬರ್ 26ರ ಬೆಳಗ್ಗೆ. ಸುನಾಮಿಗೆ ಮಾಸವಿಲ್ಲ, ನಿಜ. ಆದರೆ ಆ ವಾರ ಕಡಲತೀರದಲ್ಲಿ ರಜೆಯ ಜನ ತುಂಬಿರುತ್ತಾರೆ ಎನ್ನುವುದೂ ನಿಜ.

2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿಯ ಹತ್ತಿರ ದಡ ಹತ್ತಿತು. ನಮ್ಮ ಕೃಷ್ಣಗಿರಿ ಜಿಲ್ಲೆ ಸಮುದ್ರದಿಂದ ದೂರ, ನಮಗೇನು ಎಂದುಕೊಂಡಿದ್ದವರಿಗೆ ಅದೇ ಮಳೆ ಊತಂಗರೆಯಲ್ಲಿ ಒಂದೇ ದಿನಕ್ಕೆ ಸುಮಾರು 50 ಸೆಂಟಿಮೀಟರ್ ಸುರಿದು ಉತ್ತರ ಕೊಟ್ಟಿತು. ರಸ್ತೆಬದಿ ನಿಂತಿದ್ದ ವಾಹನಗಳು ನೀರಿನಲ್ಲಿ ಕೊಚ್ಚಿಹೋದವು. ಊತಂಗರೆ ಇರುವುದು ನಾವು ಪುದುಚೇರಿಗೆ ಹೋಗುವ ಅದೇ ರಸ್ತೆಯ ಮೇಲೆ. ರೆಸಾರ್ಟಿನ ಕೋಣೆ ಮುಂಗಡವಾಗಿ ಹಿಡಿದಾಗಿದೆ, ಕೊಟ್ಟ ಹಣ ಹಿಂದಕ್ಕೆ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಹವಾಮಾನ ಇಲಾಖೆಯ ಮುನ್ನೆಚ್ಚರಿಕೆಯನ್ನು ಮೀರಿ ಹೊರಡುವುದು ಎಷ್ಟು ಹಣ ಉಳಿದರೂ ತಪ್ಪು ಲೆಕ್ಕವೇ. ಕೋಣೆ ಹಿಡಿಯುವಾಗಲೇ ತಾರೀಖು ಬದಲಿಸಲು ಅವಕಾಶವಿದೆಯೇ ಎಂದು ಕೇಳಿಕೊಳ್ಳಬೇಕು.

ಇನ್ನು ಏಪ್ರಿಲ್, ಮೇ ರಜೆ. ಮೇ ಮೊದಲ ವಾರದಿಂದ ತಿಂಗಳ ಕೊನೆಯವರೆಗೆ ತಮಿಳರು ಅಗ್ನಿನಕ್ಷತ್ರ ಎನ್ನುವ ಕತ್ತರಿ ಬಿಸಿಲು. ಏಪ್ರಿಲ್ 15ರಿಂದ ಜೂನ್ 14ರವರೆಗೆ ಮೂಡಣ ಕರಾವಳಿಯಲ್ಲಿ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧ; ಹಾಗಾಗಿ ತಾಜಾ ಮೀನು ತಿನ್ನಬೇಕೆಂದು ಆಸೆಪಟ್ಟು ಹೋದವರಿಗೆ ಆ ಕಾಲ ಅಷ್ಟು ಅನುಕೂಲವಲ್ಲ. ನನ್ನನ್ನು ಕೇಳಿದರೆ ಪುದುಚೇರಿ ಕಡೆಗೆ ಜನವರಿಯಿಂದ ಮಾರ್ಚ್, ಮಲ್ಪೆ ಗೋಕರ್ಣಗಳ ಕಡೆಗೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಸಂಕ್ರಾಂತಿಯ ರಜೆ ಎರಡಕ್ಕೂ ಹೊಂದುತ್ತದೆ.

ಬಟ್ಟೆಯ ಮಾತಿಗೆ ಬರೋಣ. ಗಂಟಿನ ಮುಕ್ಕಾಲು ಪಾಲು ಅದೇ ಅಲ್ಲವೇ. ಹೊಸೂರು ಸೀಮೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬ್ರಿಟಿಷರು ಇದರ ತಂಪಿಗೆ ಮನಸೋತು ತಮ್ಮ ದೇಶದ ಹೆಸರಿಟ್ಟು ಕರೆಯುತ್ತಿದ್ದರು. ಇಲ್ಲಿ ಬೆಳಗ್ಗೆ ಒಗೆದು ಹರವಿದ ಬಟ್ಟೆ ಮಧ್ಯಾಹ್ನಕ್ಕೆ ಗರಿಗರಿಯಾಗುತ್ತದೆ, ಮೈಯ ಬೆವರು ಬಂದದ್ದೇ ತಿಳಿಯದಂತೆ ಆರುತ್ತದೆ. ಕಡಲತೀರದಲ್ಲಿ ಹಾಗಲ್ಲ. ಅಲ್ಲಿನ ಗಾಳಿ ಆಗಲೇ ನೀರಿನ ಆವಿಯಿಂದ ತುಂಬಿರುವುದರಿಂದ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಉಷ್ಣಮಾಪಕದಲ್ಲಿ ಎರಡೂ ಊರಿನ ಅಂಕಿ ಹತ್ತಿರ ಹತ್ತಿರ ಇದ್ದರೂ ಅಲ್ಲಿ ಜೀವ ಹೆಚ್ಚು ಬಳಲುವುದು ಇದಕ್ಕೇ. ಭೂಗೋಳದ ಪುಸ್ತಕದ ಪ್ರಕಾರ ನಾವೂ ಉಷ್ಣವಲಯದವರೇ, ಪುದುಚೇರಿಯವರೂ ಉಷ್ಣವಲಯದವರೇ. ಆದರೆ ಘಾಟಿ ಇಳಿದ ಮೇಲೆ ನಮ್ಮ ಮೈಗೆ ಅದು ಬೇರೆ ದೇಶ.

ಹೀಗಿರುವಾಗ ಜೀನ್ಸು, ದಪ್ಪ ಕುರ್ತಾ, ಜರಿಯಂಚಿನ ರೇಷ್ಮೆ ಸೀರೆ ಇವುಗಳಿಂದ ಸೂಟ್‌ಕೇಸು ತುಂಬುವುದು ಅಲ್ಲಿನ ಗಾಳಿಯನ್ನು ಲೆಕ್ಕಕ್ಕೆ ಹಿಡಿಯದೆ ಮಾಡಿದ ಕೆಲಸ. ಒಂದು ಸಲ ಒದ್ದೆಯಾದ ಜೀನ್ಸು ರೆಸಾರ್ಟಿನ ಬಾಲ್ಕನಿಯಲ್ಲಿ ಎರಡು ದಿನ ನೇತಾಡಿದರೂ ಆರುವುದಿಲ್ಲ. ಕೊನೆಗೆ ಪ್ಲಾಸ್ಟಿಕ್ ಕವರಿನಲ್ಲಿ ಮುಗ್ಗಲು ವಾಸನೆಯೊಡನೆ ಮನೆಗೆ ಬರುತ್ತದೆ. ಸಮುದ್ರದ ನೀರಿನಲ್ಲಿ ನೆನೆದದ್ದಂತೂ ಇನ್ನೂ ಕಷ್ಟ. ಅದರಲ್ಲಿ ಉಳಿದ ಉಪ್ಪು ಗಾಳಿಯ ತೇವವನ್ನು ಮತ್ತೆ ಮತ್ತೆ ಹೀರುತ್ತಲೇ ಇರುತ್ತದೆ. ಅಂಥ ಬಟ್ಟೆಯನ್ನು ಮೊದಲು ಸಿಹಿನೀರಿನಲ್ಲಿ ಜಾಲಿಸಿಯೇ ಹರವಬೇಕು. ದಿನಕ್ಕೆ ಎರಡು ಜೊತೆ ತೆಳು ಹತ್ತಿಯ ಸಡಿಲ ಬಟ್ಟೆ, ನೀರಿಗೆ ಇಳಿಯಲು ಬೇರೆ ಒಂದು ಜೊತೆ, ತಲೆಗೆ ಅಗಲ ಅಂಚಿನ ಟೋಪಿ ಅಥವಾ ಒಂದು ಪಂಚೆ, ಕಾಲಿಗೆ ರಬ್ಬರ್ ಚಪ್ಪಲಿ. ಇಷ್ಟಿದ್ದರೆ ಸಾಕು. ಹಬ್ಬದ ಸೀರೆಯಲ್ಲಿ ಕಡಲಿನ ಮುಂದೆ ನಿಂತು ಒಂದು ಫೋಟೊ ಬೇಕು ಎನ್ನುವ ಆಸೆ ಸಣ್ಣದಲ್ಲ. ಅದಕ್ಕೆ ಒಂದು ಸೀರೆ ಇರಲಿ. ನಾಲ್ಕು ಬೇಡ.

ನೀರಿಗಿಳಿಯುವ ಬಟ್ಟೆಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ರೆಸಾರ್ಟಿನ ಈಜುಕೊಳಗಳಲ್ಲಿ ಬಹುತೇಕ ಕಡೆ ಹತ್ತಿಬಟ್ಟೆಯಲ್ಲಿ ಇಳಿಯಲು ಬಿಡುವುದಿಲ್ಲ. ನೂಲಿನ ಜುಂಗು ಉದುರಿ ನೀರು ಶೋಧಿಸುವ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ ಎನ್ನುವುದು ಅವರು ಕೊಡುವ ಕಾರಣ. ಈ ವಿಷಯ ಗೊತ್ತಿಲ್ಲದ ಕುಟುಂಬದಲ್ಲಿ ಸಾಮಾನ್ಯವಾಗಿ ನಡೆಯುವುದು ಇದು: ಗಂಡಸರು, ಮಕ್ಕಳು ಹೇಗೋ ಚಡ್ಡಿಯಲ್ಲಿ ಇಳಿಯುತ್ತಾರೆ, ಹೆಂಗಸರು ದಡದಲ್ಲಿ ಟವೆಲು ಹಿಡಿದು ಕೂರುತ್ತಾರೆ. ಮೈತುಂಬ ಮುಚ್ಚುವ ನೈಲಾನ್ ಟೈಟ್ಸು, ಅದರ ಮೇಲೆ ಮಂಡಿಯವರೆಗಿನ ಟಾಪು ಹೊಸೂರಿನ ಅಂಗಡಿಗಳಲ್ಲೇ ಸಿಗುತ್ತದೆ. ನಾಚಿಕೆಗೂ ಭಂಗವಿಲ್ಲ, ನೀರಿಗೂ ಅಡ್ಡಿಯಿಲ್ಲ. ಅದನ್ನು ಮೊದಲೇ ಕೊಂಡು ಗಂಟಿಗೆ ಹಾಕಿದರೆ ಮನೆಯ ಹೆಂಗಸರಿಗೂ ರಜೆ ಸಿಕ್ಕಿದಂತೆ. ಸಮುದ್ರದಲ್ಲಂತೂ ಇದು ಬರೀ ಖುಷಿಯ ವಿಷಯವಲ್ಲ. ಆರು ಗಜದ ಸೀರೆ ನೆನೆದು ಭಾರವಾಗಿ ಕಾಲಿಗೆ ಸುತ್ತಿಕೊಂಡರೆ ಮೊಣಕಾಲುದ್ದ ನೀರಿನಲ್ಲೂ ಅಲೆ ಬಂದಾಗ ನಿಲ್ಲಲಾಗುವುದಿಲ್ಲ. ಮಕ್ಕಳ ಬಟ್ಟೆಗೆ ಕಿತ್ತಳೆ, ಗುಲಾಬಿಯಂಥ ಕಣ್ಣಿಗೆ ಹೊಡೆಯುವ ಬಣ್ಣ ಬೇಕು. ನೀಲಿ, ಬೂದು, ಬಿಳಿ ನೀರಿನಲ್ಲಿ ಕಾಣದೆ ಹೋಗುತ್ತವೆ. ಮುಳುಗುತ್ತಿರುವ ಮಗುವನ್ನು ಹುಡುಕುವ ಕಣ್ಣಿಗೆ ಆ ವ್ಯತ್ಯಾಸ ಬಹಳ ದೊಡ್ಡದು.

ಊಟದ ವಿಷಯದಲ್ಲಿ ನನ್ನ ಅಭಿಪ್ರಾಯ ತುಸು ಬೇರೆ. ನಿಪ್ಪಟ್ಟು, ಕೋಡುಬಳೆ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಕಟ್ಟಿಕೊಂಡು ಹೋಗುವವರನ್ನು ಕಂಡು ನಗುವವರಿದ್ದಾರೆ. ಆ ನಗು ಸರಿಯಲ್ಲ. ಕುಟುಂಬದ ಐದಾರು ಜನ ರೆಸಾರ್ಟಿನಲ್ಲಿ ಪ್ರತಿ ಹೊತ್ತಿಗೂ ಕೊಂಡು ತಿನ್ನುವುದೆಂದರೆ ಕೋಣೆಯ ಬಾಡಿಗೆಗಿಂತ ಊಟದ ಬಿಲ್ಲೇ ಹೆಚ್ಚಾಗಬಹುದು. ಬುತ್ತಿ ಕಟ್ಟುವ ಕೈಗೆ ಆ ಲೆಕ್ಕ ಚೆನ್ನಾಗಿ ಗೊತ್ತಿದೆ. ಸಕ್ಕರೆ ಕಾಯಿಲೆಯ ತಾತನಿಗೆ, ಹಲ್ಲಿಲ್ಲದ ಅಜ್ಜಿಗೆ, ಇನ್ನೂ ಅನ್ನ ಕಲಿಯುತ್ತಿರುವ ಕೂಸಿಗೆ ಬಫೆಯ ಸಾಲಿನಲ್ಲಿ ಹೊಂದುವ ಪದಾರ್ಥ ಸಿಗದೆಯೂ ಇರಬಹುದು. ಹೊರಗಿನ ಆಹಾರ ತರಬಾರದೆಂದು ಎಷ್ಟೋ ರೆಸಾರ್ಟುಗಳು ಬೋರ್ಡು ಹಾಕುತ್ತವೆ. ಕೂಸಿನ ಸರಿಹಿಟ್ಟಿಗೆ, ರೋಗಿಯ ಪಥ್ಯಕ್ಕೆ ಆ ನಿಯಮ ಹೇರುವುದು ಅನ್ಯಾಯ. ಕೋಣೆ ಹಿಡಿಯುವ ಮೊದಲೇ ಫೋನಿನಲ್ಲಿ ಇದನ್ನು ಕೇಳಿ, ಒಪ್ಪುವ ಕಡೆಗೇ ಹೋಗುವುದು ಒಳ್ಳೆಯದು. ಆದರೆ ಅಲ್ಲಿನ ಗಾಳಿಯನ್ನು ಇಲ್ಲೂ ನೆನೆಯಬೇಕು. ಇಲ್ಲಿ ವಾರವಿರುವ ಕೋಡುಬಳೆ ಅಲ್ಲಿ ಒಂದೇ ದಿನಕ್ಕೆ ಮೆತ್ತಗಾಗುತ್ತದೆ. ಕಾಯಿ ಹಾಕಿದ ಚಟ್ನಿ, ಮೊಸರನ್ನ ದಾರಿಯಲ್ಲೇ ಹುಳಿಯುತ್ತವೆ. ನಮ್ಮ ಹಿರಿಯರ ಹುರಿಹಿಟ್ಟು ಮಾತ್ರ ಇವತ್ತಿಗೂ ಸೋತಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಅದೊಂದು ಇದ್ದರೆ ಅರ್ಧ ಊಟದ ಚಿಂತೆ ಇಲ್ಲ.

ಔಷಧದ ಚೀಲಕ್ಕೆ ಹೆಚ್ಚು ಮಾತು ಬೇಡ. ಮನೆಯಲ್ಲಿ ಯಾರು ಯಾವ ಮಾತ್ರೆ ನುಂಗುತ್ತಾರೋ ಅದು ಎರಡು ದಿನಕ್ಕೆ ಹೆಚ್ಚಾಗಿ, ವೈದ್ಯರ ಚೀಟಿಯೊಡನೆ. ಜ್ವರದ ಮಾತ್ರೆ, ಓಆರ್‌ಎಸ್ ಪೊಟ್ಟಣ, ಗಾಯಕ್ಕೆ ಕಟ್ಟಲು ಬಟ್ಟೆ. ಇನ್ಸುಲಿನ್ ಇದ್ದರೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಲೇಬಾರದು, ಕಾವಿಗೆ ಕೆಡುತ್ತದೆ. ಲೋಳೆಮೀನು ಕುಟುಕಿದರೆ ಉಜ್ಜಬಾರದು, ಸಿಹಿನೀರು ಸುರಿಯಬಾರದು. ಸಮುದ್ರದ ನೀರಿನಲ್ಲೇ ತೊಳೆದು ವೈದ್ಯರ ಹತ್ತಿರ ಹೋಗಬೇಕು.

ಈ ಎಲ್ಲವನ್ನೂ ನೆನಪಿಟ್ಟುಕೊಳ್ಳುವವರು ಯಾರು? ನಮ್ಮ ಮನೆಗಳಲ್ಲಿ ಅದು ಒಬ್ಬ ಹೆಂಗಸಿನ ಕೆಲಸ. ಯಾರ ಬನಿಯನ್ ಎಲ್ಲಿದೆ, ಯಾವ ಮಗುವಿಗೆ ಯಾವ ಸೋಪು ತುರಿಕೆ ತರಿಸುತ್ತದೆ, ಅತ್ತೆಯವರ ಕನ್ನಡಕದ ಡಬ್ಬಿ ಯಾವ ಕಪಾಟಿನಲ್ಲಿದೆ ಎಲ್ಲವೂ ಅವಳ ತಲೆಯಲ್ಲಿ. ಹೊರಡುವ ಮೂರು ದಿನ ಮೊದಲೇ ಅವಳಿಗೆ ಕೆಲಸ ಶುರು, ಬಂದ ಮೇಲೆ ಮೂರು ದಿನ ಒಗೆತ. ನಡುವಿನ ಎರಡು ದಿನದಲ್ಲೂ "ಅಮ್ಮಾ, ಬಾಚಣಿಗೆ ಎಲ್ಲಿ?" ಎಂಬ ಕೂಗಿಗೆ ಅವಳೇ ಓಗೊಡಬೇಕು. ಮನೆಯ ಭಯದ ಮೇಲೆ ಗಂಟು ಕಟ್ಟುವ ರೂಢಿ ಬಂದದ್ದಕ್ಕೆ ಇದೂ ಒಂದು ಕಾರಣ ಎಂದು ನನಗನಿಸುತ್ತದೆ. ಏನಾದರೂ ಮರೆತರೆ ಬೈಗುಳ ಒಬ್ಬಳಿಗೇ ಬೀಳುವಾಗ ಅವಳು ಎಲ್ಲವನ್ನೂ ತುಂಬಿಕೊಳ್ಳದೆ ಇನ್ನೇನು ಮಾಡಬೇಕು? ಗಂಟು ಹಗುರಾಗಬೇಕಾದರೆ ಮೊದಲು ಹೊಣೆ ಹಂಚಿಕೆಯಾಗಬೇಕು. ಹತ್ತು ವರ್ಷ ದಾಟಿದ ಮಗು ತನ್ನ ಚೀಲವನ್ನು ತಾನೇ ತುಂಬಿಕೊಳ್ಳಲಿ. ಏನಾದರೂ ಮರೆತರೆ ಮರೆಯಲಿ. ಬಾಚಣಿಗೆ ಇಲ್ಲದೆ ಎರಡು ದಿನ ಕಳೆದ ಮಗು ಮುಂದಿನ ಸಲ ಮರೆಯುವುದಿಲ್ಲ. ಗಂಡಸರು ತಮ್ಮ ಬಟ್ಟೆಯನ್ನು ತಾವೇ ಮಡಿಸಿಡಲಿ, ಔಷಧದ ಚೀಲದ ಪೂರ್ತಿ ಹೊಣೆ ಹೊರಲಿ.

ನಮ್ಮ ಸೀಮೆಯಲ್ಲಿ ಹಂಚಿಕೊಳ್ಳಬೇಕಾದದ್ದು ಇನ್ನೊಂದಿದೆ, ಅದು ಓದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ಮದರಾಸು ರಾಜ್ಯದಲ್ಲೇ ಉಳಿಯಿತು. ಮತ್ತಿಗಿರಿ, ತಳಿ, ಡೆಂಕಣಿಕೋಟೆ, ಬಾಗಲೂರುಗಳ ಎಷ್ಟೋ ಮನೆಗಳಲ್ಲಿ ಅಜ್ಜಿ ಓದಿದ್ದು ಕನ್ನಡ ಶಾಲೆಯಲ್ಲಿ. 2006ರ ತಮಿಳು ಕಲಿಕಾ ಕಾಯ್ದೆಯ ನಂತರ ಒಂದನೇ ತರಗತಿಗೆ ಸೇರಿದ ಮೊಮ್ಮಕ್ಕಳಿಗೆ ತಮಿಳು ಓದಲೇಬೇಕಾದ ಭಾಷೆಯಾಯಿತು. ಮನೆಯಲ್ಲಿ ಆಡುವ ಮಾತು ಎಲ್ಲರಿಗೂ ಒಂದೇ, ಓದುವ ಅಕ್ಷರ ತಲೆಮಾರಿಗೊಂದು. ಇದರ ಪರಿಣಾಮ ಕಡಲತೀರದಲ್ಲಿ ಕಾಣುತ್ತದೆ. ಪುದುಚೇರಿ, ಕಡಲೂರಿನಲ್ಲಿ ನಿಲ್ಲಿಸಿದ ಎಚ್ಚರಿಕೆಯ ಫಲಕದ ತಮಿಳನ್ನು ಮೊಮ್ಮಗ ಓದಬಲ್ಲ, ಅಜ್ಜಿಗೆ ಆಗುವುದಿಲ್ಲ. ಮಲ್ಪೆ, ಮುರುಡೇಶ್ವರಕ್ಕೆ ಹೋದರೆ ಕನ್ನಡದ ಫಲಕವನ್ನು ಅಜ್ಜಿ ಓದಬಲ್ಲಳು, ಮೊಮ್ಮಗನಿಗೆ ಅದು ಬರೀ ಗೆರೆ. ಇಂಗ್ಲಿಷ್ ಇರುತ್ತದೆ ನಿಜ, ಆದರೆ ಅವಸರದಲ್ಲಿ ನೀರಿಗೆ ಓಡುವ ಮಗು ಅದರ ಮುಂದೆ ನಿಲ್ಲುವುದು ಅಪರೂಪ. ಅಪಾಯದ ಸೂಚನೆಯಂತೂ ಫಲಕಕ್ಕಿಂತ ಹೆಚ್ಚಾಗಿ ಮಾತಿನಲ್ಲಿ ಬರುತ್ತದೆ. ಬಲೆ ನೇಯುತ್ತ ಕೂತ ಮೀನುಗಾರ ಅಲ್ಲಿಂದಲೇ ಕೂಗಿ ಹೇಳುತ್ತಾನೆ. ಹಾಗಾಗಿ ನಮ್ಮ ಕಡೆಯ ಕುಟುಂಬ ಕಡಲಿಗೆ ಹೋದಾಗ ಅಜ್ಜಿಯನ್ನು ಕೋಣೆಯಲ್ಲಿ ಚೀಲ ಕಾಯಲು ಬಿಟ್ಟು ಹೋಗಬಾರದು. ದಡದ ಮೇಲೆ ಒಂದು ಕುರ್ಚಿ ಹಾಕಿ ಕೂರಿಸಬೇಕು. ಪಡುವಣ ಕಡಲಿನಲ್ಲಿ ಊರವರನ್ನು ಮಾತಾಡಿಸಿ ಎಲ್ಲಿ ಆಳ, ಎಲ್ಲಿ ಸೆಳೆತ ಎಂದು ಕೇಳಿ ತಿಳಿಯುವ ಕೆಲಸವನ್ನು ಅವಳಿಗಿಂತ ಚೆನ್ನಾಗಿ ಮಾಡುವವರು ಮನೆಯಲ್ಲಿ ಇಲ್ಲ.

ಸೆಳೆತದ ಮಾತು ಬಂತು. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಮುರುಡೇಶ್ವರದ ಸಮುದ್ರದಲ್ಲಿ ತೀರಿಹೋದರು. ಮುಳಬಾಗಿಲು ನಮಗೆ ದೂರವಲ್ಲ. ಅವರದೂ ನಮ್ಮ ಹಾಗೆ ಕೆರೆ, ಬಾವಿ, ಕಲ್ಯಾಣಿಗಳ ಸೀಮೆ. ಆ ಮಕ್ಕಳ ಪ್ರವಾಸದ ಚೀಲವನ್ನು ಅವರ ಮನೆಗಳಲ್ಲಿ ಎಷ್ಟು ಅಕ್ಕರೆಯಿಂದ ತುಂಬಿ ಕಳಿಸಿರಬಹುದು ಎಂದು ನೆನೆದಾಗಲೆಲ್ಲ ಎದೆ ಭಾರವಾಗುತ್ತದೆ. ಬಟ್ಟೆ ಇಟ್ಟಿರುತ್ತಾರೆ, ತಿಂಡಿ ಇಟ್ಟಿರುತ್ತಾರೆ. ಸಮುದ್ರ ಹೇಗೆ ಎಳೆಯುತ್ತದೆ ಎಂಬ ಅರಿವನ್ನು ಕಟ್ಟಿಕೊಡಲು ಬಯಲುಸೀಮೆಯ ಮನೆಗಳಲ್ಲಿ ಅದು ಇರಬೇಕಲ್ಲ? ನಮ್ಮಲ್ಲಿ ಅದಿಲ್ಲ.

ಅದು ಕಲಿಯಲಾಗದ ವಿದ್ಯೆಯೇನೂ ಅಲ್ಲ. ಅಲೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲಾದರೂ ದಾರಿ ಮಾಡಿಕೊಂಡು ಹಿಂದಕ್ಕೆ ಹೋಗಲೇಬೇಕು. ಮರಳಿನ ದಿಬ್ಬಗಳ ನಡುವಿನ ತಗ್ಗಿನಲ್ಲಿ ಅದು ಕಿರಿದಾದ ಹೊಳೆಯಂತೆ ಒಳಕ್ಕೆ ಹರಿಯುತ್ತದೆ. ಅಲ್ಲಿ ಅಲೆ ಒಡೆಯುವುದಿಲ್ಲ, ನೊರೆ ಕಡಿಮೆ, ಬಣ್ಣ ತುಸು ಕಪ್ಪು. ಬಯಲುಸೀಮೆಯ ಕಣ್ಣಿಗೆ ಅದೇ ಶಾಂತವಾದ, ಸುರಕ್ಷಿತವಾದ ಜಾಗದಂತೆ ಕಾಣುತ್ತದೆ. ಅಲ್ಲಿ ಸಿಕ್ಕಿಕೊಂಡವರು ದಡದ ಕಡೆಗೆ ನೇರವಾಗಿ ಈಜಲು ಹೆಣಗಿ, ಸುಸ್ತಾಗಿ ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಕಿರು ಹೊಳೆಯಿಂದ ಹೊರಗೆ ಬರಬೇಕು. ಅದೂ ಆಗದಿದ್ದರೆ ಹೆದರದೆ ಅಂಗಾತ ತೇಲುತ್ತ ಕೈಯೆತ್ತಿ ಕೂಗಬೇಕು. ದಡದಲ್ಲಿದ್ದವರು ಹಗ್ಗವನ್ನೋ ತೇಲುವ ವಸ್ತುವನ್ನೋ ಎಸೆಯಬೇಕೇ ಹೊರತು ಈಜು ಬಾರದೆ ಹಿಂದೆಯೇ ಧುಮುಕಬಾರದು. ಒಬ್ಬರ ಹಿಂದೆ ಒಬ್ಬರು ಹೋಗುವುದು ಹಾಗೆಯೇ. ನಮ್ಮ ಬಾವಿಯಲ್ಲಿ ಸಲೀಸಾಗಿ ಈಜುವ ಹುಡುಗನಿಗೂ ಇದನ್ನು ಬೇರೆಯಾಗಿ ಹೇಳಿಕೊಡಬೇಕು, ಯಾಕೆಂದರೆ ನಿಂತ ನೀರಿನ ಈಜು ಎಳೆಯುವ ನೀರಿನಲ್ಲಿ ಸಾಕಾಗುವುದಿಲ್ಲ. ಗಾಳಿ ತುಂಬಿದ ಟ್ಯೂಬು ಈಜುಕೊಳಕ್ಕೆ ಸರಿ. ಸಮುದ್ರದಲ್ಲಿ ದಡದಿಂದ ಬೀಸುವ ಗಾಳಿ ಅದನ್ನು ಮಗುವಿನ ಸಮೇತ ಒಳಕ್ಕೆ ತಳ್ಳುತ್ತದೆ. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಬೇಕು, ಕೆಂಪು ಬಾವುಟ ಕಂಡರೆ ಇಳಿಯಲೇಬಾರದು. ಹೊನ್ನಾವರದ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿ, ಪುದುಚೇರಿಯ ಈಡನ್ ಕಡಲತೀರ ಇವು ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದವು. ಆ ಮಾನ್ಯತೆಯ ನಿಯಮಗಳಲ್ಲಿ ಜೀವರಕ್ಷಕರ ವ್ಯವಸ್ಥೆಯೂ ಸೇರಿದೆ. ಮೊದಲ ಸಲ ಮಕ್ಕಳನ್ನು ಕಡಲಿಗೆ ಕರೆದೊಯ್ಯುವವರು ಇಂಥ ಜಾಗ ಆರಿಸಿಕೊಂಡರೆ ಒಳ್ಳೆಯದು.

ಒಯ್ದದ್ದನ್ನು ಹಿಂದಕ್ಕೆ ತರುವ ವಿಷಯವೂ ಊರಿನ ಅರಿವಿಗೇ ಸೇರಿದ್ದು. ತಮಿಳುನಾಡಿನಲ್ಲಿ ಒಂದೇ ಸಲ ಬಳಸಿ ಎಸೆಯುವ 14 ಬಗೆಯ ಪ್ಲಾಸ್ಟಿಕ್ ವಸ್ತುಗಳಿಗೆ 2019ರ ಜನವರಿ 1ರಿಂದ ನಿಷೇಧವಿದೆ. 2021ರ ಕೊನೆಯಲ್ಲಿ ಹಳದಿ ಬಟ್ಟೆಚೀಲವನ್ನು ಮತ್ತೆ ಬಳಕೆಗೆ ತರುವ ಆಂದೋಲನವನ್ನೂ ಸರ್ಕಾರ ಶುರುಮಾಡಿತು. ಆದರೂ ಕಾಣುಂ ಪೊಂಗಲ್ ದಿನ ಚೆನ್ನೈನ ಮರೀನಾದಲ್ಲಿ ಜನ ಸೇರಿ ಹೋದ ಮೇಲೆ ಮರಳಿನ ಮೇಲೆ ಉಳಿಯುವುದು ತಟ್ಟೆ, ಲೋಟ, ಕವರುಗಳ ರಾಶಿ. ಜನವರಿಯಿಂದ ಮಾರ್ಚ್‌ವರೆಗೆ ಇದೇ ಕರಾವಳಿಯ ಮರಳಿಗೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಇಲ್ಲಿ ನಮ್ಮ ಹೊಣೆ ಉಳಿದವರಿಗಿಂತ ಒಂದು ಕೈ ಹೆಚ್ಚು ಎನ್ನುತ್ತೇನೆ ನಾನು. ಕೆಲವರಪಳ್ಳಿ ಅಣೆಕಟ್ಟೆ ದಾಟಿ ಹರಿಯುವ ನಮ್ಮ ದಕ್ಷಿಣ ಪಿನಾಕಿನಿ ಕೊನೆಗೆ ಸಮುದ್ರ ಸೇರುವುದು ಕಡಲೂರಿನಲ್ಲಿ. ಅಣೆಕಟ್ಟೆಯ ಬಳಿ ಬೆಳ್ಳಗೆ ನೊರೆಯೆದ್ದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದವರಿಗೆ ನಾವು ವರ್ಷವಿಡೀ ಆ ಕಡಲಿಗೆ ಏನು ಕಳಿಸುತ್ತಿದ್ದೇವೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ರಜೆಯ ಎರಡು ದಿನವಾದರೂ ಅದಕ್ಕೆ ಇನ್ನಷ್ಟು ಸೇರಿಸದೆ ಬರಬೇಕು. ಗಂಟಿನಲ್ಲಿ ಎರಡು ಖಾಲಿ ಬಟ್ಟೆಚೀಲ, ಮನೆಯ ಸ್ಟೀಲ್ ಲೋಟ, ನೀರಿನ ಬಾಟಲಿ ಇದ್ದರೆ ಅದು ಕಷ್ಟವಲ್ಲ. ಅಂಡಮಾನ್, ಲಕ್ಷದ್ವೀಪಗಳ ಹವಳದ ಕಡಲಿಗೆ ಹೋಗುವವರು ಬಿಸಿಲಿಗೆ ಹಚ್ಚುವ ಕ್ರೀಮಿನ ಡಬ್ಬಿಯನ್ನೂ ಓದಿ ನೋಡಬೇಕು. ಹವಳಕ್ಕೆ ಕೇಡೆಂದು ಆಕ್ಸಿಬೆಂಜೋನ್ ಇರುವ ಕ್ರೀಮುಗಳನ್ನು ಪಲಾವು ದೇಶ 2020ರಿಂದ, ಹವಾಯಿ 2021ರಿಂದ ನಿಷೇಧಿಸಿವೆ. ಜಿಂಕ್ ಆಕ್ಸೈಡ್ ಇರುವ ಕ್ರೀಮು, ಉದ್ದ ತೋಳಿನ ಅಂಗಿ ಅದಕ್ಕೆ ಬದಲಿ.

ರಜೆಯೆಂದರೆ ಹಗುರಾಗಿ ಇರುವುದು, ಇಷ್ಟೆಲ್ಲ ಯೋಚಿಸಿಕೊಂಡು ಹೊರಟರೆ ಅದೇ ಒಂದು ಹೊರೆಯಲ್ಲವೇ ಎಂದು ಯಾರಾದರೂ ಕೇಳಬಹುದು. ನನಗೆ ಹಾಗನಿಸುವುದಿಲ್ಲ. ಊರು ಗೊತ್ತಿದ್ದವರ ಗಂಟಿನಲ್ಲಿ 'ಇರಲಿ' ಎಂದು ಹಾಕಿಕೊಂಡದ್ದು ಕಡಿಮೆ. ನೀರಿನ ನಡೆ ಗೊತ್ತಿದ್ದವರು ದಡದಲ್ಲಿ ಮಕ್ಕಳ ಮೇಲೆ ಕೂಗಾಡುವುದೂ ಕಡಿಮೆ, ಅವರೊಡನೆ ಆಡುವುದು ಹೆಚ್ಚು.

ಮನೆಗಳಿಗಿಂತ ಮೊದಲು ಈ ಕೆಲಸವನ್ನು ಶಾಲೆಗಳು ಕೈಗೆತ್ತಿಕೊಳ್ಳಬೇಕು ಎಂಬುದು ನನ್ನ ಬೇಡಿಕೆ. ಹೊಸೂರು, ಡೆಂಕಣಿಕೋಟೆ, ಮಾಲೂರು, ಮುಳಬಾಗಿಲಿನಂಥ ಕಡಲಿಲ್ಲದ ತಾಲ್ಲೂಕುಗಳ ಶಿಕ್ಷಕರು ಮಕ್ಕಳನ್ನು ಸಮುದ್ರಕ್ಕೆ ಕರೆದೊಯ್ಯುವ ಮೊದಲು ಒಂದು ಪೀರಿಯಡ್ಡನ್ನು ಇದಕ್ಕೇ ಬಿಡಲಿ. ಸೆಳೆತದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಲಿ, ಬಾವುಟಗಳ ಬಣ್ಣ ಕಲಿಸಲಿ, ಪಕ್ಕಕ್ಕೆ ಈಜು, ಅಂಗಾತ ತೇಲು ಎನ್ನುವುದನ್ನು ಮಕ್ಕಳ ಬಾಯಲ್ಲೇ ಹೇಳಿಸಲಿ. ಅದನ್ನು ಮಕ್ಕಳು ಮನೆಗೆ ತಂದು ಅಪ್ಪ ಅಮ್ಮಂದಿರಿಗೆ ಹೇಳುತ್ತಾರೆ. ಹೆತ್ತವರೂ ಪ್ರವಾಸದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಎರಡು ಪ್ರಶ್ನೆ ಕೇಳಲಿ: ಆ ಕಡಲತೀರದಲ್ಲಿ ಜೀವರಕ್ಷಕರಿದ್ದಾರೆಯೇ, ಮಕ್ಕಳು ನೀರಿಗಿಳಿದಾಗ ಎಷ್ಟು ಜನ ಶಿಕ್ಷಕರು ದಡದಲ್ಲಿ ನಿಂತಿರುತ್ತಾರೆ? ಉತ್ತರ ಸರಿಯಿಲ್ಲದಿದ್ದರೆ ಸಹಿ ಹಾಕಬೇಡಿ.